ನಿಕೊಲಾಸಾಳ ಕಾವಲು ಲಕೋಟೆ

ನಮ್ಮ ಬೆಟ್ಟದೂರು ಚಕಾಪಾಂಪದಲ್ಲಿ ಯಾರ ಮನೆಗೆ ಎಲ್ಲಿಂದ ಕಾಗದ ಬಂತು ಅನ್ನುವುದು ಮೊದಲು ನಿಕೊಲಾಸಾ ವಿಲ್ಕಾಳಿಗೆ ಗೊತ್ತಾಗುತ್ತಿತ್ತು, ಮರುಗಳಿಗೆಯಲ್ಲಿ ಊರಿಗೆಲ್ಲ ಗೊತ್ತಾಗುತ್ತಿತ್ತು. ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಹನ್ನೊಂದು ವರ್ಷ ಊರಿನ ಒಂದೇ ಒಂದು ಟೆಲಿಫೋನನ್ನು ನೋಡಿಕೊಂಡವಳು ಅವಳು. ಕರೆ ಬಂದರೆ ಟೆಲಿಫೋನ್ ಕೋಣೆಯ ಮಾಡಿನ ಮೇಲಿನ ಧ್ವನಿವರ್ಧಕದಲ್ಲಿ ಹೆಸರು ಹಿಡಿದು ಕೂಗುತ್ತಿದ್ದಳು. ಆಲೂಗಡ್ಡೆ ಹೊಲದಲ್ಲಿದ್ದವರು ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಓಡಿ ಬರುತ್ತಿದ್ದರು. "ಮೈಕಲ್ಲಿ ಕೂಗಿದ್ಮೇಲೆ ಗುಟ್ಟು ಎಲ್ಲಿಂದ ಬಂತು?" ಎನ್ನುತ್ತಿದ್ದಳು.

ಅವಳಿಗೆ ಐವತ್ತಮೂರು. ಗಂಡ ತೀರಿಕೊಂಡು ಒಂಬತ್ತು ವರ್ಷ, ಮನೆಯಲ್ಲಿ ಒಬ್ಬಳೇ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಕ್ಷರ ಕಲಿತದ್ದರಿಂದಲೋ ಏನೋ, ಬರೆದದ್ದನ್ನು ಓದದೆ ಇಡುವುದೆಂದರೆ ಅವಳಿಗೆ ಬೇಯಿಸಿದ್ದನ್ನು ಉಣ್ಣದೆ ಹಳಸಲು ಬಿಟ್ಟ ಹಾಗೆ. ಎರಡು ಸಾವಿರದ ಏಳರಲ್ಲಿ ಅದೇ ಕೋಣೆಯ ಮೇಲೆ ಉಪಗ್ರಹದಿಂದ ಇಂಟರ್ನೆಟ್ ಹಿಡಿಯುವ ಒಂದು ದೊಡ್ಡ ತಟ್ಟೆ ಕೂತು, ಒಳಗೆ ಒಂದು ಕಂಪ್ಯೂಟರ್ ಬಂದಾಗ, ಇನ್ಯಾರು ನೋಡಿಕೊಳ್ಳಬೇಕು ಎಂಬ ಚರ್ಚೆಯೇ ನಡೆಯಲಿಲ್ಲ.

ಆದರೆ ಟೆಲಿಫೋನು ತಾನೇ ಬಡಿದುಕೊಳ್ಳುತ್ತದೆ, ಊರಿಗೆಲ್ಲ ಇರುವ ಒಂದೇ ವಿಳಾಸಕ್ಕೆ ಇ-ಮೇಲ್ ಸದ್ದಿಲ್ಲದೆ ಬಂದು ಕೂರುತ್ತದೆ. ಬಂದಿದೆಯೋ ಇಲ್ಲವೋ ನೋಡಲು ಪುಟ ತೆರೆಯಬೇಕು. ಆ ತಟ್ಟೆಯ ಕೃಪೆಯಿಂದ ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಒಲೆಯ ಮೇಲೆ ಗೆಡ್ಡೆ ಬೇಯುತ್ತಿತ್ತು. ಹೀಗೆ ಮೂರು ದಿನ ಹಳೆಯದಾದ ಒಂದು ಕಾಗದವನ್ನು ಕಂಡ ದಿನ ನಿಕೊಲಾಸಾ ಊಟ ಮಾಡಲಿಲ್ಲ. ರಿಪೇರಿಗೆಂದು ಬಂದ ಸೊಯ್ಲಾ ಎಂಬ ಎಂಜಿನಿಯರಮ್ಮ ಇದನ್ನು ಕೇಳಿ, ಕಂಪ್ಯೂಟರಿಗೆ ಒಂದು ಚಿಕ್ಕ ಪ್ರೋಗ್ರಾಂ ಹಾಕಿಕೊಟ್ಟಳು. ಪರದೆಯ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕ, ಉಗುರಿನಷ್ಟು ದೊಡ್ಡ ಒಂದು ಲಕೋಟೆ. ಮೇಲ್ ಬಂದರೆ ಅದು ಹಳದಿಯಾಗಿ, ಯಾರಿಂದ ಬಂತು, ಯಾವ ವಿಷಯ ಎಂದು ಎರಡು ಸಾಲು ತೋರಿಸಿ, ಒಂದು ಸದ್ದು ಮಾಡುತ್ತದೆ.

"ಪುಟ ತೆರೆಯೋ ಕೆಲ್ಸ ಇಲ್ಲ. ಅರ್ಧ ಗಂಟೆಗೊಂದ್ಸಲ ಅದೇ ಹೋಗಿ ನೋಡ್ಕೊಂಡು ಬರುತ್ತೆ," ಎಂದಳು ಸೊಯ್ಲಾ.

"ಅರ್ಧ ಗಂಟೆಗೆ ಯಾಕಮ್ಮ? ಅದಕ್ಕೇನು ಕಾಲು ನೋಯುತ್ತಾ?"

ಸೊಯ್ಲಾ ನಕ್ಕು ಅದನ್ನು ಐದು ನಿಮಿಷಕ್ಕೆ ಇಳಿಸಿದಳು. ಒಬ್ಬೊಬ್ಬರ ಮೇಲ್‌ಗೆ ಒಂದೊಂದು ಸದ್ದು ಇಡಬಹುದು ಎಂಬುದನ್ನೂ ತೋರಿಸಿ ಲಾರಿ ಹತ್ತಿದಳು.

ಆ ಕೊನೆಯ ಮಾತು ನಿಕೊಲಾಸಾಳ ತಲೆಯಲ್ಲಿ ಮೊಳಕೆಯೊಡೆಯಿತು. ಕಂಪ್ಯೂಟರಿನಿಂದ ಧ್ವನಿವರ್ಧಕಕ್ಕೆ ಒಂದು ತಂತಿ ಎಳೆದಳು. ಆಮೇಲೆ ಒಂದೊಂದೇ ಮನೆಯವರನ್ನು ಕರೆದು ಮೈಕಿನ ಮುಂದೆ ಸಿಳ್ಳೆ ಹಾಕಿಸಿ ಕಂಪ್ಯೂಟರಿಗೆ ತುಂಬಿಸಿದಳು. ನಮ್ಮಲ್ಲಿ ಪ್ರತಿ ಮನೆಗೂ ಅದರದೇ ಸಿಳ್ಳೆ ಇದೆ. ಅಜ್ಜನಿಂದ ಮೊಮ್ಮಗನಿಗೆ ಬರುವಂಥದ್ದು, ಉಣ್ಣೆಗೂ ಹೊರೆಗೂ ಸಾಕಿ, ಬೆಟ್ಟದ ಮೇಲೆ ಮೇಯಲು ಬಿಟ್ಟ ಲಾಮಾಗಳನ್ನು ಕೂಡಿಸುವಂಥದ್ದು. ಕೊರಾ ಮನೆಯ ಸಿಳ್ಳೆಯನ್ನು ಟಾಯ್ಪೆ ಮನೆಯವರು ಹಾಕುವುದಿಲ್ಲ. ಯಾರ ಕಾಗದ ಬಂದರೂ ಅವರ ಸಿಳ್ಳೆ ಮೊಳಗಿದರೆ ಎರಡು ಬೆಟ್ಟದಾಚೆ ಇದ್ದರೂ ಗುರುತು ಹಿಡಿಯುತ್ತಾರೆ ಎಂಬುದು ಅವಳ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಗುರುತು ಹಿಡಿಯುವವರು ಮನುಷ್ಯರು ಮಾತ್ರವಲ್ಲ ಎಂಬುದೊಂದೇ ಅವಳಿಗಾಗಲಿ, ನಗುನಗುತ್ತಾ ಬಂದು ಸಿಳ್ಳೆ ಹಾಕಿ ಹೋದ ನಲವತ್ತು ಮನೆಯವರಿಗಾಗಲಿ ಹೊಳೆಯಲಿಲ್ಲ.

ಜೂನ್ ತಿಂಗಳ ಒಂದು ಬೆಳಗ್ಗೆ ಪಟ್ಟಣದ ಆಸ್ಪತ್ರೆಯಿಂದ ಮುದುಕ ಸತುರ್ನಿನೊ ಕೊರಾನ ಹೆಸರಿಗೆ ಮೇಲ್ ಬಂತು. ಕೊರಾ ಸಿಳ್ಳೆ ಕಣಿವೆಯ ತುಂಬ ಮೊಳಗಿತು. ಮೇಲಿನ ಹುಲ್ಲುಗಾವಲಿನಲ್ಲಿದ್ದ ಮೂವತ್ತೆಂಟು ಲಾಮಾಗಳು ಕತ್ತು ಎತ್ತಿ ಕೇಳಿ, ಸಾಲು ಹಿಡಿದು, ನೇರವಾಗಿ ಇಳಿದು ಬಂದವು. ನೇರ ದಾರಿ ಇದ್ದದ್ದು ಸಮುದಾಯದ ಅಧ್ಯಕ್ಷ ವೆನ್ಸೆಸ್ಲಾವೊ ಟಾಯ್ಪೆಯ ಬಾರ್ಲಿ ಹೊಲದ ನಡುವೆ. ಕಟಾವಿಗೆ ನಾಲ್ಕು ದಿನ ಬಾಕಿಯಿದ್ದ ಬಾರ್ಲಿ. ಅವೆಲ್ಲ ಬಂದು ಕೋಣೆಯ ಬಾಗಿಲ ಮುಂದೆ ನಿಂತು ಒಳಗೆ ಇಣುಕತೊಡಗಿದವು. ಅವುಗಳ ಹಿಂದೆ ಬೇಲಿಯ ಕಲ್ಲು ತಡವುತ್ತಾ ಸತುರ್ನಿನೊ ಬಂದ.

"ಏನಮ್ಮ ನಿಕೊಲಾಸಾ, ನನ್ನ ಕಾಗದ ಓದೋಕೆ ನನಗಿಂತ ಮುಂಚೆ ಇವು ಬಂದ್ಬಿಟ್ವಲ್ಲ?"

"ಒಳಗೆ ಬನ್ನಿ ತೈತಾ. ಅವುಗಳಿಗೂ ಕೇಳೋ ಹಾಗೆ ಓದ್ತೀನಿ."

ಹಿರಿಯರನ್ನೆಲ್ಲ ನಾವು ತೈತಾ ಎಂದೇ ಕರೆಯುವುದು. ಈ ತೈತಾನ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಬೆಳಕು, ನೆರಳು ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಕಾಗದದಲ್ಲಿ ಇದ್ದದ್ದು ಇಷ್ಟು: ರಾಜಧಾನಿ ಲಿಮಾದಿಂದ ಕಣ್ಣಿನ ವೈದ್ಯರು ವರ್ಷಕ್ಕೊಮ್ಮೆ ಬರುತ್ತಾರೆ, ಈ ಸಲ ಆಗಸ್ಟಿನಲ್ಲಿ. ಪಟ್ಟಿ ತುಂಬಿದೆ. ಯಾರಾದರೂ ಬಿಟ್ಟರೆ ಆ ಜಾಗಕ್ಕೆ ನಿಮ್ಮನ್ನು ಕರೆಯುತ್ತೇವೆ. ಕರೆದ ಎರಡು ಗಂಟೆಯೊಳಗೆ ಒಪ್ಪಿಗೆ ಬರದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಕೊಡುತ್ತೇವೆ.

"ಎರಡು ಗಂಟೆ," ಎಂದ ಸತುರ್ನಿನೊ. "ಆಗಲ್ಲ ಬಿಡು. ಮುಂದಿನ ವರ್ಷದ ಹೊತ್ತಿಗೆ ಬೆಳಕೂ ಕಾಣ್ಸಲ್ಲ ಅಂದಿದ್ರು ಡಾಕ್ಟ್ರು."

"ನನ್ನ ಹತ್ರ ಐದೇ ನಿಮಿಷ ತೈತಾ, ಎರಡು ಗಂಟೆ ಅಲ್ಲ. ಬಂದ ಐದು ನಿಮಿಷಕ್ಕೆ ನನಗೆ ಗೊತ್ತಾಗುತ್ತೆ."

ಆ ಭಾನುವಾರದ ಸಭೆಯಲ್ಲಿ ವೆನ್ಸೆಸ್ಲಾವೊ ತುಳಿದ ಬಾರ್ಲಿಯ ಒಂದು ಕಂತೆಯನ್ನು ಎಲ್ಲರ ಮುಂದೆ ಇಟ್ಟ. ಸಿಟ್ಟು ಬಂದಾಗ ಅವನ ದನಿ ಏರುವುದಿಲ್ಲ, ಇಳಿಯುತ್ತದೆ.

"ಕಂಪ್ಯೂಟ್ರು ಕಾಗದ ತರುತ್ತೆ ಅಂದ್ರು, ಒಪ್ಕೊಂಡ್ವಿ. ಲಾಮಾ ತರುತ್ತೆ ಅಂತ ಯಾರೂ ಹೇಳ್ಲಿಲ್ಲ. ಆ ತಂತಿ ಕಿತ್ತು ಹಾಕಿ."

"ತಪ್ಪು ನನ್ನದೇ," ಎಂದಳು ನಿಕೊಲಾಸಾ. "ನಾಳೆ ನಿಮ್ಮ ಹೊಲಕ್ಕೆ ಬಂದು ಬಿದ್ದ ತೆನೆ ಎಲ್ಲ ಆರಿಸ್ತೀನಿ. ಸಿಳ್ಳೆ ಎಲ್ಲ ಅಳಿಸ್ತೀನಿ. ತಂತಿ ಮಾತ್ರ ಕೀಳಲ್ಲ."

"ಮತ್ತೇನು ಇಡ್ತೀಯ? ನಾಯಿ ಬೊಗಳೋದಾ?"

"ನನ್ನ ಗಂಟಲು. ಹೆಸರು ಹಿಡಿದು ಕೂಗ್ತೀನಿ. ಲಾಮಾಗಳಿಗೆ ಮನೆತನದ ಹೆಸರು ಗೊತ್ತಿಲ್ವಲ್ಲ ಅಧ್ಯಕ್ಷರೇ."

ಸಭೆ ನಕ್ಕಿತು. ವೆನ್ಸೆಸ್ಲಾವೊ ನಗಲಿಲ್ಲ, ಆದರೆ ಇಲ್ಲವೆನ್ನಲೂ ಇಲ್ಲ. ಅವಳು ಎರಡು ದಿನ ಕೂತು ನಲವತ್ತು ಮನೆಯ ಹೆಸರನ್ನೂ ತನ್ನ ದನಿಯಲ್ಲೇ ತುಂಬಿಸಿದಳು. ಆಸ್ಪತ್ರೆಯ ಮೇಲ್‌ಗೆ ಮಾತ್ರ ಬೇರೆ ವ್ಯವಸ್ಥೆ: "ಸತುರ್ನಿನೊ ಕೊರಾ, ಕಣ್ಣಿನ ಕಾಗದ ಬಂದಿದೆ" ಎಂದು, ಯಾರಾದರೂ ಬಂದು ಲಕೋಟೆಯನ್ನು ಒತ್ತುವ ತನಕ, ನಿಮಿಷಕ್ಕೊಮ್ಮೆ ಕೂಗುತ್ತಲೇ ಇರುವ ಹಾಗೆ ಇಟ್ಟಳು.

ಜುಲೈ ಕಳೆಯಿತು. ವೈದ್ಯರು ಪಟ್ಟಣಕ್ಕೆ ಬಂದರೆಂದು ಸುದ್ದಿ ಬಂತು, ಕಾಗದ ಬರಲಿಲ್ಲ. ಆಗಸ್ಟಿನಲ್ಲಿ ಕಾಲುವೆಯ ಕೆಲಸ ಬಂತು. ವರ್ಷಕ್ಕೊಂದು ದಿನ ಊರಿಗೆ ಊರೇ ಹೋಗಿ ನೀರಿನ ಕಾಲುವೆಯ ಹೂಳು ಎತ್ತುವ ಕೆಲಸ. ಪ್ರತಿ ಮನೆಗೂ ಅಜ್ಜನ ಕಾಲದಿಂದ ಗುರುತಿನ ಕಲ್ಲು ನೆಟ್ಟ ತನ್ನದೇ ಪಾಲು ಇದೆ. ಆ ಪಾಲಿನಲ್ಲಿ ಆ ಮನೆಯವರೇ ನಿಲ್ಲಬೇಕು. ಒಂದು ಪಾಲು ಖಾಲಿ ಇದ್ದರೆ ಆ ವರ್ಷ ಆ ಮನೆಯ ಹೊಲಕ್ಕೆ ನೀರಿಲ್ಲ. ಸತುರ್ನಿನೊನ ಹಾಗೆ ಎಂಬತ್ತು ದಾಟಿದವರಿಗೆ ಮಾತ್ರ ವಿನಾಯಿತಿ. ನಿಕೊಲಾಸಾಳ ಪಾಲು ತೀರಾ ಮೇಲೆ, ಚಿಲುಮೆಯ ಬಾಯಲ್ಲಿ. ಧ್ವನಿವರ್ಧಕ ಕೇಳಿಸುವುದು ಎರಡನೇ ತಿರುವಿನ ತನಕ.

ಹಿಂದಿನ ದಿನ ಸತುರ್ನಿನೊ ಬಂದು ಬಾಗಿಲಲ್ಲಿ ನಿಂತ.

"ನೀನು ನಾಳೆ ಇರಲ್ಲ."

"ನಾನಿರಲ್ಲ, ಲಕೋಟೆ ಇರುತ್ತೆ. ಬಿಸಿಲಿದೆ, ಸೋಲಾರ್ ಬ್ಯಾಟರಿ ತುಂಬಿದೆ. ಕಂಪ್ಯೂಟ್ರು ನಿದ್ದೆ ಹೋಗದ ಹಾಗೂ ಮಾಡಿದೀನಿ. ಅದು ಕೂಗುತ್ತೆ ತೈತಾ."

"ಕೂಗಿದ್ರೆ ನಿನಗೆ ಕೇಳಿಸ್ಬೇಕಲ್ಲ?"

"ಕಾಲುವೆ ಉದ್ದಕ್ಕೂ ಜನ ನಿಂತಿರ್ತಾರೆ. ಕಿವಿಗೇನು ಬರ."

ಬೆಳಗ್ಗೆ ಜಗಿಯಲು ಕೋಕಾ ಎಲೆ ಹಂಚಿ, ನೀರಿಗೆ ಕೈಮುಗಿದು, ಎಲ್ಲರೂ ಪಾಲಿಗೆ ಹೊರಡುವಾಗ ಅವಳು ಕೆಳಗಿನ ತುದಿಯ ಎಪಿಫಾನಿಯಾಳಿಗೆ ಹೇಳಿದಳು, ಅವಳ ಮೇಲಿನವನಿಗೆ ಹೇಳಿದಳು, ಹೀಗೆ ಹೇಳುತ್ತಲೇ ಹತ್ತಿದಳು. ಕೂಗು ಕೇಳಿದರೆ ಮೇಲಿನ ಪಾಲಿನವರಿಗೆ ದಾಟಿಸಬೇಕು, ಅಷ್ಟೆ. ಎಲ್ಲರೂ ಹೂಂ ಅಂದರು. ಅವಳ ಪಾಲಿಗೆ ಹತ್ತಿಕೊಂಡಿದ್ದ ಕೊನೆಯ ಪಾಲು ಮಾತ್ರ ವೆನ್ಸೆಸ್ಲಾವೊ ಟಾಯ್ಪೆಯದು. ಅಲ್ಲಿಗೆ ಬಂದಾಗ ಅವಳ ಹೆಜ್ಜೆ ನಿಧಾನವಾಯಿತು.

"ನನಗೇನೂ ಹೇಳ್ಬೇಡ," ಎಂದ ಅವನು, ಸಲಿಕೆಯಿಂದ ಕಣ್ಣು ಎತ್ತದೆ. "ಕೆಳಗಿಂದ ಕೇಳಿಸ್ಕೊಂಡೇ ಬಂದಿದೀನಿ. ನಾನು ಬಂದಿರೋದು ಹೂಳು ಎತ್ತೋಕೆ, ನಿನ್ನ ಮೈಕು ಆಗೋಕಲ್ಲ."

"ಸರಿ ಅಧ್ಯಕ್ಷರೇ," ಎಂದು ಅವಳು ಮುಂದೆ ಹೋದಳು. ಹೋಗಿ ಮೊಣಕಾಲು ತನಕ ಕೆಸರಿಗಿಳಿದು ಕೆಲಸ ಶುರು ಮಾಡಿದಳು. ಯಂತ್ರದ ಮೇಲೆ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕೆಳಗಿನ ಪಾಲುಗಳ ಜನರ ಮೇಲೆಯೂ ಇರಲಿಲ್ಲ. ಪಕ್ಕದ ಪಾಲಿನವನ ಮೇಲೆ ಎಷ್ಟು ಭಾರ ಹಾಕಬಹುದು ಎಂದು ಯೋಚಿಸಿದಳು. ಅವನ ಬಾರ್ಲಿ ಹೊಲದಲ್ಲಿ ಇಡೀ ದಿನ ತೆನೆ ಆರಿಸುವಾಗ ಅವನು ಒಂದು ಮಾತೂ ಆಡಿರಲಿಲ್ಲ. ಆದರೆ ಮಧ್ಯಾಹ್ನ ಬೇಯಿಸಿದ ಗೆಡ್ಡೆಯನ್ನು ಅವಳ ಪಕ್ಕ ಇಟ್ಟು ಹೋಗಿದ್ದ. ಅಷ್ಟು ಸಾಕು ಎಂದುಕೊಂಡಳು.

ಹನ್ನೊಂದು ಗಂಟೆಯ ಸುಮಾರಿಗೆ ಕೆಳಗಿನಿಂದ ಒಂದು ಗದ್ದಲ ಪಾಲಿನಿಂದ ಪಾಲಿಗೆ ಹತ್ತಿ ಬರುವುದು ಕೇಳಿಸಿತು. ಮಾತು ತಿಳಿಯುತ್ತಿರಲಿಲ್ಲ. ಗದ್ದಲ ಟಾಯ್ಪೆ ಪಾಲಿನ ತನಕ ಬಂದು ನಿಂತುಹೋಯಿತು. ನಿಕೊಲಾಸಾ ಸಲಿಕೆ ಹಿಡಿದು ನಿಂತಳು. ಪಾಲು ಬಿಟ್ಟು ಇಳಿಯುವುದು ಸುಲಭ. ಕಾಗದದ ಗದ್ದಲವಲ್ಲದೆ ಬರೀ ಚಿಚಾ ಎಂಬ ಜೋಳದ ಹೆಂಡದ ಗಡಿಗೆ ಬಂತೆಂಬ ಗದ್ದಲವಾದರೆ ಒಂದು ವರ್ಷದ ನೀರು ಹೋದಂತೆ. ಅಷ್ಟರಲ್ಲಿ ಬಂಡೆಯ ಮರೆಯಿಂದ ವೆನ್ಸೆಸ್ಲಾವೊ ತಾನೇ ಏದುಸಿರು ಬಿಡುತ್ತಾ ಹತ್ತಿ ಬಂದ.

"ಕಣ್ಣಿನ ಕಾಗದ. ಮೂರು ಸಲ ಕೂಗಿತಂತೆ. ಇನ್ನೂ ಕೂಗ್ತಾ ಇದೆಯಂತೆ."

"ಕೂಗಿ ಹೇಳಿದ್ರೆ ಆಗ್ತಿತ್ತಲ್ಲ ಅಧ್ಯಕ್ಷರೇ, ಹತ್ತಿ ಬರೋದು ಯಾಕೆ?"

"ಮೈಕು ಆಗಲ್ಲ ಅಂತ ಹೇಳಿದ್ನಲ್ಲ. ಹೊರಡು."

"ಪಾಲು ಖಾಲಿ ಆಗುತ್ತೆ."

ಅವನು ಅವಳ ಕೈಯಿಂದ ಸಲಿಕೆ ತೆಗೆದುಕೊಂಡು ಕೆಸರಿನಲ್ಲಿ ನೆಟ್ಟಗೆ ನಿಲ್ಲಿಸಿದ. "ಸಲಿಕೆ ನಿಂತಿದ್ರೆ ಯಜಮಾನ್ತಿ ನೀರು ಕುಡಿಯೋಕೆ ಹೋಗಿದಾಳೆ ಅಂತ ಲೆಕ್ಕ. ಕುಡಿಯೋಕೆ ಎಷ್ಟು ಹೊತ್ತು ಅಂತ ಯಾವ ಸಭೇಲೂ ಬರೆದಿಲ್ಲ. ನಾನೇ ಅಧ್ಯಕ್ಷ, ನನಗೆ ಗೊತ್ತಿಲ್ವಾ?"

ಅವಳು ಇಳಿದಳು. ಪಾಲಿನವರೆಲ್ಲ ದಡಕ್ಕೆ ಸರಿದು ದಾರಿ ಬಿಟ್ಟರು. "ಓಡಬೇಡ ಅಕ್ಕ, ಜಾರಿ ಬಿದ್ರೆ ನಿನಗೊಂದು ಕಾಗದ ಬರೆಸ್ಬೇಕಾಗುತ್ತೆ," ಎಂದಳು ಎಪಿಫಾನಿಯಾ. ಎರಡನೇ ತಿರುವಿನಲ್ಲಿ ಅವಳದೇ ದನಿ ಅವಳಿಗೆ ಎದುರಾಯಿತು: ಸತುರ್ನಿನೊ ಕೊರಾ, ಕಣ್ಣಿನ ಕಾಗದ ಬಂದಿದೆ. ಅವಸರವಿಲ್ಲದ, ಬೇಸರವಿಲ್ಲದ ದನಿ.

ಕೋಣೆಯ ಮೆಟ್ಟಿಲ ಮೇಲೆ ಸತುರ್ನಿನೊ ಆಗಲೇ ಕೂತಿದ್ದ, ಟೊಪ್ಪಿಗೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು. "ಸಾಕು ಮಾಡಮ್ಮ, ಬೆಟ್ಟಕ್ಕೆಲ್ಲ ನನ್ನ ಹೆಸರು ಬಾಯಿಪಾಠ ಆಯ್ತು," ಎಂದ.

ಅವಳು ಕೈಯ ಕೆಸರನ್ನು ಲಂಗಕ್ಕೆ ಒರೆಸಿಕೊಂಡು ಲಕೋಟೆ ಒತ್ತಿದಳು. ಕೂಗು ನಿಂತಿತು. ಕಾಗದ ಹೊರಟದ್ದು ಹತ್ತೂ ಐವತ್ತಕ್ಕೆ, ಈಗ ಹನ್ನೆರಡಕ್ಕೆ ಹತ್ತು ನಿಮಿಷ ಬಾಕಿ. ಜಾಗ ಖಾಲಿಯಾಗಿದೆ, ಗುರುವಾರ ಬೆಳಗ್ಗೆ ಎಂಟಕ್ಕೆ ಬರಬೇಕು, ಮೂರು ದಿನ ಇರಬೇಕು, ಒಪ್ಪಿಗೆ ತಿಳಿಸಿ ಎಂದಿತ್ತು. ಕೊನೆಯ ಸಾಲಿನಲ್ಲಿ ಇನ್ನೊಂದು ಪ್ರಶ್ನೆ: ರೋಗಿಯ ಜೊತೆಗೆ ಬರುವವರ ಹೆಸರೇನು? ಜೊತೆಯಿಲ್ಲದವರನ್ನು ಸೇರಿಸಿಕೊಳ್ಳಲಾಗುವುದಿಲ್ಲ.

ಸತುರ್ನಿನೊನ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಇದ್ದದ್ದು ಲಾಮಾಗಳು. "ಯಾರ ಹೆಸರು ಬರೀತೀಯ?" ಎಂದ.

ಹನ್ನೊಂದು ವರ್ಷದಲ್ಲಿ ನಿಕೊಲಾಸಾ ಆ ಕೋಣೆಯನ್ನು ಒಂದು ರಾತ್ರಿಯೂ ಬಿಟ್ಟು ಊರಾಚೆ ಮಲಗಿದವಳಲ್ಲ. ಅವಳು ಪರದೆಯ ಮೂಲೆಯ ಲಕೋಟೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಎರಡು ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ, ತನ್ನ ಹೆಸರನ್ನು ಒತ್ತಿದಳು.

"ನೀನು ಬಂದ್ರೆ ಇಲ್ಲಿ ಕಾಯೋರು ಯಾರು?"

"ಕಾಯೋಕೆ ಅಂತಾನೇ ಅದನ್ನ ಇಟ್ಟಿರೋದು ತೈತಾ. ನಾನು ಪಕ್ಕದಲ್ಲಿ ಕೂತೇ ಇರ್ಬೇಕು ಅಂದ್ರೆ ಅದು ಯಾಕೆ? ಬೀಗದ ಕೈ ಎಪಿಫಾನಿಯಾಗೆ ಕೊಡ್ತೀನಿ. ಅವಳಿಗೆ ಓದೋಕೆ ಬರುತ್ತೆ, ಮಾತಾಡೋಕಂತೂ ಚೆನ್ನಾಗೇ ಬರುತ್ತೆ."

ಮೇಲ್ ಹೊರಡಲು ತಟ್ಟೆ ತನ್ನ ಎಂದಿನ ನಿಧಾನವನ್ನು ತೋರಿಸಿತು. ಹನ್ನೆರಡೂ ಇಪ್ಪತ್ತಕ್ಕೆ ಲಕೋಟೆ ಮತ್ತೆ ಹಳದಿಯಾಯಿತು: ಸ್ವೀಕರಿಸಿದ್ದೇವೆ, ಗುರುವಾರ ಬನ್ನಿ. ಅವಳು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ಉಳಿದ ಹೂಳು ಎತ್ತಲು ಮತ್ತೆ ಬೆಟ್ಟ ಹತ್ತಿದಳು.

ಭಾನುವಾರ ಮಧ್ಯಾಹ್ನ ಲಾರಿ ಅವರಿಬ್ಬರನ್ನು ಊರ ಚೌಕದಲ್ಲಿ ಇಳಿಸಿತು. ಸತುರ್ನಿನೊನ ಎಡಗಣ್ಣಿನ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳ ಇತ್ತು. ಬಲಗಣ್ಣು ಮುಂದಿನ ಸಲಕ್ಕೆ ಎಂದಿದ್ದರು. ಅವನ ಲಾಮಾಗಳನ್ನು ಆ ನಾಲ್ಕು ದಿನ ಮೇಯಿಸಿದವನು ವೆನ್ಸೆಸ್ಲಾವೊ; ಯಾರೂ ಕೇಳದೆಯೇ ಆ ಕೆಲಸ ವಹಿಸಿಕೊಂಡಿದ್ದ. ಅವನು ಮಂದೆಯನ್ನು ಇಳಿಸಿಕೊಂಡು ಬಂದು ನಿಂತಾಗ ಮುದುಕ ಮುಚ್ಚಳವನ್ನು ಸ್ವಲ್ಪ ಎತ್ತಿ, ಬಹಳ ಹೊತ್ತು ನೋಡಿದ.

"ವೆನ್ಸೆಸ್ಲಾವೊ," ಎಂದ, "ಆ ಮೂಲೇಲಿರೋ ಎರಡಕ್ಕೆ ಕಿವಿ ದಾರ ಹಳದಿ. ನನ್ನವಕ್ಕೆಲ್ಲ ಕೆಂಪು. ಅವು ನಿನ್ನವು, ಹಿಡ್ಕೊಂಡು ಹೋಗು."

"ಕಣ್ಣು ಬಂದಿದ್ದೇ ತಡ ಜಗಳಕ್ಕೆ ನಿಂತ ನೋಡಿ," ಎಂದ ವೆನ್ಸೆಸ್ಲಾವೊ. ಆದರೆ ಅವನ ದನಿ ಇಳಿಯಲಿಲ್ಲ.