ಜಯಮ್ಮನ ಬೇಸ್ತವಾರ

ಯಾರು ಯಾವ ಸುದ್ದಿ ತಂದರೂ ಜಯಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಿದ್ದದ್ದು ಒಂದೇ ಮಾತು: “ನೀ ಕಂಡ್ಯಾ?” ಕಂಡಿಲ್ಲವೆಂದರೆ ಮುಗಿಯಿತು, “ಅಂಗಾರೆ ಬಾಯ್ಮುಚ್ಕಂಡು ಓಗು.” ಗೊರೂರಿನ ನೀರಾವರಿ ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆ ಅವರದು. ಎದುರು ಮನೆಯ ಸೊಸೆ ಓಡಿಹೋದಳೆಂದು ಇಡೀ ಸಾಲು ಗುಸುಗುಸು ಎನ್ನುತ್ತಿದ್ದಾಗ, ಬಸ್ಸು ಹತ್ತಿ ಅವಳ ತವರಿಗೇ ಹೋಗಿ, ಕಾಫಿ ಕುಡಿದು ಬಂದು, “ಜ್ವರ ಬಂದು ಮಲಗವ್ಳೆ, ಕಂಡ್ಬಂದೆ” ಎಂದು ಎಲ್ಲರ ಬಾಯಿಗೆ ಬೀಗ ಹಾಕಿದ್ದರು. ಇಂಥವರು ನೆರೆಯಲ್ಲಿದ್ದರೆ ಹರಟೆಗೂ ರುಚಿ ಇರುವುದಿಲ್ಲ, ನಿಜ ಹೇಳುತ್ತೇನೆ!

ನನ್ನ ಮಗಳು ಆಸ್ಪತ್ರೆಗೆ ಕಾಯಲಿಲ್ಲ. ಆಟೊ ಬರುವಷ್ಟರಲ್ಲಿ, ಒಂದು ಗುರುವಾರ ಸಂಜೆ, ನಡುಮನೆಯಲ್ಲೇ ಹುಟ್ಟಿದಳು. ಹಿಡಿದುಕೊಂಡವರು ಜಯಮ್ಮ, ಪಕ್ಕದಲ್ಲಿದ್ದವರು ನಮ್ಮತ್ತೆ ಸಾವಿತ್ರಮ್ಮ. ಹೊಳೆನರಸೀಪುರದ ಪುರೋಹಿತರ ಮನೆಯಲ್ಲಿ ಹುಟ್ಟಿದ ಅತ್ತೆ, ಪಂಚಾಂಗ ತೆರೆದವರೇ ಮುಖ ಸಣ್ಣಗೆ ಮಾಡಿಕೊಂಡರು. ಮೂಲಾ ನಕ್ಷತ್ರ! ಮಾವನಿಗೆ ಆಗದ ಹುಡುಗಿಯನ್ನು ನಾಳೆ ಯಾರು ಮನೆ ತುಂಬಿಸಿಕೊಳ್ಳುತ್ತಾರೆ? “ಶುಕ್ರವಾರ ಅಂತ ಬರೆಸಿಬಿಡೋಣ, ನಕ್ಷತ್ರ ದಾಟುತ್ತೆ,” ಎಂದರು. ನನಗೆ ಮೈಯೆಲ್ಲ ಉರಿಯಿತು. ಹುಟ್ಟಿದ ದಿನವನ್ನೇ ಬಚ್ಚಿಡುವಂಥ ತಪ್ಪು ನನ್ನ ಕೂಸು ಏನು ಮಾಡಿತ್ತು?

ಪುರುಡು ಕಳೆದ ಮೇಲೆ ಜನನ ಬರೆಸಲು ಪಂಚಾಯಿತಿ ಕಚೇರಿಗೆ ಹೋದೆವು. ಮನೆಯಲ್ಲಾದ ಹೆರಿಗೆ, ಕಣ್ಣಾರೆ ಕಂಡವರಿಬ್ಬರು ಸಾಕ್ಷಿ ಹಾಕಬೇಕು ಎಂದರು ಅಧಿಕಾರಿ. ಅತ್ತೆ “ಶುಕ್ರವಾರ” ಎಂದರು.

“ಬೇಸ್ತವಾರ, ಸಾ,” ಎಂದರು ಜಯಮ್ಮ.

ಅಧಿಕಾರಿ ಪೆನ್ನು ಕೆಳಗಿಟ್ಟರು. “ಒಂದೇ ಮಾತು ಮಾಡ್ಕೊಂಡು ಬನ್ರಮ್ಮ.”

ಅತ್ತೆ ಜಯಮ್ಮನ ಕೈ ಹಿಡಿದುಕೊಂಡರು. “ಹೂಂ ಅಂದುಬಿಡು ಜಯಮ್ಮ. ಹೆಣ್ಣುಮಗುವಿನ ಬಾಳಿನ ಪ್ರಶ್ನೆ.”

“ಅದ್ಕೇ ಕಣ್ರವ್ವ ಅನ್ನಾಕಿಲ್ಲ. ಕೂಸು ಬಿದ್ದದ್ದು ನನ್ ಕೈಗೆ. ಸುಕ್ರವಾರನೇ ಬೇಕಾದ್ರೆ ಬ್ಯಾರೆ ಸಾಕ್ಷಿ ಉಡೀಕಳಿ. ನಾನೂ ಮೂಲದಲ್ಲೇ ಉಟ್ಟೋಳು, ನಮ್ ಮಾವ ನನ್ ಕೈ ಮುದ್ದೆ ಉಂಡ್ಕಂಡೇ ತೊಂಬತ್ತು ದಾಟುದ್ರು!”

ಹಾಗೆಂದವರೇ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ನಾನೂ ಮಗುವನ್ನೆತ್ತಿಕೊಂಡು ಪಕ್ಕದಲ್ಲಿ ಕೂತೆ. ಊಟದ ಹೊತ್ತು ಮೀರಿದರೂ ಇಬ್ಬರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅತ್ತೆ, ಯಾರ ಮುಖವನ್ನೂ ನೋಡದೆ, “ಗುರುವಾರವೇ ಬರ್ಕೊಳ್ಳಿ” ಎಂದರು. ಆಮೇಲೆ ತಿಂಗಳುಗಟ್ಟಲೆ ಜಯಮ್ಮನ ಜೊತೆ ಮಾತು ಬಿಟ್ಟರು. ಜಯಮ್ಮ ಮಾತ್ರ ಏನೂ ಆಗಿಲ್ಲವೆಂಬಂತೆ ದಿನಾ ಬಂದು ಮಗುವಿಗೆ ಎಣ್ಣೆ ತೀಡಿ ನೀರು ಹಾಕಿ ಹೋಗುತ್ತಿದ್ದರು.

ಹೋದ ವರ್ಷ ಜಯಮ್ಮ ತೀರಿಕೊಂಡರು. ಆ ಮನೆಯ ಬಾಗಿಲು ನೋಡಿದರೆ ನನಗೆ ಈಗಲೂ ಅಳು ಬರುತ್ತದೆ. ಮೊನ್ನೆ ಅರಕಲಗೂಡಿನ ನೆಂಟರೊಬ್ಬರು ಬಂದು, ಮೊಮ್ಮಗಳ ನಕ್ಷತ್ರ ಯಾವುದೆಂದು ಅತ್ತೆಯನ್ನು ಕೇಳಿದರು.

“ಮೂಲಾ,” ಎಂದರು ಅತ್ತೆ.

ನೆಂಟರು ಹುಬ್ಬೇರಿಸಿದರು. “ದಿನ ಸರಿಯಾಗಿ ಗೊತ್ತಾ ನಿಮಗೆ?”

“ಜಯಮ್ಮ ಹೋದಳು ಅಂದರೆ ಸಾಕ್ಷಿ ಇಲ್ಲ ಅಂದ್ಕೊಂಡ್ರಾ? ನಾನಿದ್ದೀನಿ.”