ಅವ್ವನನ್ನು ಎಬ್ಬಿಸುವ ಬಲ

ಹೊರಗಿನ ಬಲ ಬೀಳದ ಹೊರತು ಕೂತದ್ದು ಕೂತೇ ಇರುತ್ತದೆ, ಹೊರಟದ್ದು ಹೋಗುತ್ತಲೇ ಇರುತ್ತದೆ. ಇದೇ ಜಡತ್ವ. ಬಾಗೇವಾಡಿಯ ಶಾಲೆಯಲ್ಲಿ ಇದನ್ನು ಪಾಠ ಮಾಡುವುದು ನನಗೆ ನೀರು ಕುಡಿದಷ್ಟು ಸುಲಭ. ನಾಲತವಾಡದ ದೊಡ್ಡವ್ವನ ಮನೆಯಿಂದ ಅವ್ವನನ್ನು ಎಬ್ಬಿಸಿ ತರುವುದಿದೆಯಲ್ಲ, ಅದು ಬೇರೆ ಮಾತು.

ಮರುದಿನ ಬೆಳಿಗ್ಗೆ ಅವ್ವನ ಕಣ್ಣಿನ ಪೊರೆ ತೆಗೆಸಬೇಕಿತ್ತು. ಹಿಂದಿನ ತಾರೀಖಿಗೆ ಅವಳಿಗೆ ಕೆಮ್ಮು ಬಂದಿತ್ತು, ಅದಕ್ಕೂ ಹಿಂದಿನದಕ್ಕೆ ಯಾರದೋ ಮದುವೆ. ಈ ಸಲ ಸೀದಾ ಅಕ್ಕನ ಮನೆಗೇ ಹೋಗಿ ಕೂತುಬಿಟ್ಟಿದ್ದಳು. ಸಂಜೆಯ ಬಸ್ಸು ತಪ್ಪಿದರೆ ಈ ತಾರೀಖೂ ಹೋದಂತೆಯೇ.

ನಮ್ಮ ಕಡೆ ಹೊರಟ ಹೆಂಗಸಿಗೆ ಕುಂಕುಮ ಹಚ್ಚಿ ಕಳಿಸುತ್ತಾರೆ. ಹಚ್ಚಿಸಿಕೊಂಡವಳು ಮತ್ತೆ ಕೂತಳೋ, ಹೊರಟದ್ದು ರದ್ದು. ಮತ್ತೆ ಚಹಾ, ಮತ್ತೆ ಕುಂಕುಮ. ಅವ್ವ ಹೊಸ್ತಿಲತನಕ ಬರುವಳು, “ಅಕ್ಕಾ, ಒಂದ ಮಾತು ಮರತಿದ್ದೆ” ಎಂದು ಹೊರಳಿ ಕೂರುವಳು. ದೊಡ್ಡವ್ವ ಚಹಾಕ್ಕೆ ಇಡುವಳು. ಅವ್ವನ ಹಣೆಯ ಕುಂಕುಮ ದಪ್ಪವಾಗುತ್ತ ಹೋಯಿತು, ನನ್ನ ಸಿಟ್ಟೂ ಏರುತ್ತ ಹೋಯಿತು.

“ಅವ್ವಾ, ಹಿಂಗ ಕುಂತಲ್ಲೇ ಕುಂದ್ರೂದಕ್ಕ ಜಡತ್ವ ಅಂತಾರ.”

“ಯಾರರೆ ನೂಕೂತನಕ ಏಳೂದಿಲ್ಲ ಅಂತ ನಿಮ್ಮ ಪುಸ್ತಕದಾಗ ಐತೆಲ್ಲ. ನಂದೇನ ತಪ್ಪು?”

ದೊಡ್ಡವ್ವ ತಂಗಿಯ ಮುಖ ನೋಡಿದಳು. “ಹೆದರಿಕಿ ಆಗೇತೇನು?”

ಅವ್ವ ಬಸಿಯಲ್ಲಿನ ಚಹಾ ನೋಡುತ್ತ, “ಇದ್ದಷ್ಟು ಬೆಳಕೂ ಹೋದ್ರ, ಅಕ್ಕಾ?” ಎಂದಳು.

ದೊಡ್ಡವ್ವ ಒಲೆ ಆರಿಸಿದಳು. ಚೀಲಕ್ಕೆ ಎರಡು ಸೀರೆ ತುರುಕಿ, ಬಾಗಿಲಿಗೆ ಕೀಲಿ ಜಡಿದು, “ನಡಿ, ನಾನೂ ಬರ್ತೇನಿ” ಎಂದು ನಮಗಿಂತ ಮುಂದೆಯೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಅವ್ವ ಅವಳ ಸೆರಗು ಹಿಡಿದು ಹಿಂದೆ ನಡೆದಳು. ಯಾರೂ ಕುಂಕುಮದ ಮಾತೆತ್ತಲಿಲ್ಲ.

ಕಣ್ಣಿನ ಪಟ್ಟಿ ಬಿಚ್ಚಿದಾಗ ಅವ್ವ ಮೊದಲು ನೋಡಿದ್ದು ಅಕ್ಕನನ್ನು. “ಅಯ್ಯ, ನೀ ಯಾವಾಗ ಇಷ್ಟ ಮುದುಕಿ ಆದಿ?”

“ನೀ ಕೆಮ್ಮಕೋತ ಕುಂತಿದ್ದೆಲ್ಲ, ಆವಾಗ.”

ನಮ್ಮ ಮನೆಯಲ್ಲೇ ಉಳಿದ ದೊಡ್ಡವ್ವ ಈಗ ದಿನವೂ ತನ್ನ ಊರಿಗೆ ಹೊರಡುತ್ತಾಳೆ. ಇವತ್ತೂ ಅವ್ವನ ಕೈಯಿಂದ ಕುಂಕುಮ ಹಚ್ಚಿಸಿಕೊಂಡು ಹೊಸ್ತಿಲತನಕ ಹೋದವಳು ಹೊರಳಿ ನಿಂತಳು. “ತಂಗಿ, ಇನ್ನೊಂದ ಕಣ್ಣು ಬಾಕಿ ಐತೆಲ್ಲ?” ಎಂದು ಬಂದು ಕೂತಳು.

ಅವ್ವ ಆಗಲೇ ಚಹಾಕ್ಕೆ ಇಟ್ಟಿದ್ದಳು. “ಅದಕ್ಕೂ ತಾರೀಖು ಹಿಡಕೊಂಡ ಬಾ, ಹೋಗು” ಎಂದು ಬೆನ್ನಿಗೆ ಕೈಹಚ್ಚಿ ನನ್ನನ್ನು ಬಾಗಿಲಾಚೆ ನೂಕಿದಳು.