ಘಟ್ಟದ ಕಾಡಿನಲ್ಲಿ ಕಂಡ ಬೋಟು

ಭಟ್ಕಳ ಬಂದರಿನಲ್ಲಿ ಬೋಟಿನ ಹಗ್ಗ ಬಿಚ್ಚುತ್ತಿದ್ದ, ಅದನ್ನು ನಡೆಸುವ ತಾಂಡೇಲರು ತಲೆಯೆತ್ತದೆ ಕೇಳಿದರು: "ತಂಗೀ, ನನ್ನ ಬೋಟಲ್ಲಿರೂದು ಒಂದು ಕಂಪನಿ ಪೆಟ್ಟಿಗೆ. ದಡದಲ್ಲಿ ಬೇರೆ ಕಂಪನಿ ಮಶಿನ್ ಇದ್ರೆ ಎಂತ ಆಗ್ತದೆ?"

ಅಪಾಯದಲ್ಲಿ ಗುಂಡಿ ಒತ್ತಿದರೆ ಬೋಟು ಇರುವ ಜಾಗವನ್ನು ದಡಕ್ಕೆ ತಿಳಿಸುವ ಪೆಟ್ಟಿಗೆ ಅದು. ಅಂಥ ಪೆಟ್ಟಿಗೆಗಳೆಲ್ಲ ಹೇಗಿರಬೇಕೆಂಬ ಮಾನದಂಡದ ಕರಡು ಸಿದ್ಧವಾಗಿತ್ತು. ಕರಡಿನಂತೆ ಅವು ನಡೆಯುತ್ತವೆಯೇ ಎಂದು ನೋಡುವ ಪರೀಕ್ಷೆಗಳ ಪಟ್ಟಿ ಬರೆದವಳು ನಾನು. ಇಬ್ಬರು ತಯಾರಕರ ಪೆಟ್ಟಿಗೆಗಳೂ ಪ್ರಯೋಗಾಲಯದಲ್ಲಿ ಪಾಸಾಗಿದ್ದವು, ದಡದಲ್ಲಿ ಸಂಕೇತ ಹಿಡಿಯುವ ತಂತಮ್ಮ ಯಂತ್ರಗಳ ಜೊತೆ. ಒಬ್ಬರದನ್ನು ಇನ್ನೊಬ್ಬರದಕ್ಕೆ ಜೋಡಿಸಿ ನೋಡಬೇಕೆಂದು ನನ್ನ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

"ನಡೀತದೆ" ಎಂದೆ.

"ನಡೀತದೋ, ನಡೀಬೇಕೋ?"

ಹೊನ್ನಾವರದ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಅಲ್ಲಿ ಸಂಕೇತ ಹಿಡಿಯುವ ದಡದ ಕೋಣೆಗೆ ಹೋದವಳೇ ಆ ದಿನದ ಸಮುದ್ರ ಪರೀಕ್ಷೆಯ ಯೋಜನೆಯಲ್ಲಿಲ್ಲದ ಕೆಲಸ ಮಾಡಿದೆ. ಇದ್ದ ಯಂತ್ರ ತೆಗೆದು ಇನ್ನೊಂದು ಕಂಪನಿಯದನ್ನು ಇಟ್ಟೆ.

ಹನ್ನೊಂದರ ಹೊತ್ತಿಗೆ ತಾಂಡೇಲರ ಫೋನ್ ಬಂತು. "ಒತ್ತಿದೆ, ಆತಾ?"

ಪರದೆಯ ಮೇಲೆ ಚುಕ್ಕಿ ಮೂಡಿತು. ಸಮುದ್ರದಲ್ಲಲ್ಲ, ಘಟ್ಟದ ಮೇಲಿನ ದಟ್ಟ ಕಾಡಿನಲ್ಲಿ.

"ತಾಂಡೇಲರೇ, ಎಲ್ಲಿದ್ದೀರಿ?"

"ಮುರ್ಡೇಶ್ವರದ ಗೋಪುರ ಎದುರಿಗೇ ಕಾಣ್ತದೆ."

"ಇಲ್ಲಿ ನೀವು ಕಾಡಲ್ಲಿದ್ದೀರಿ."

ಅವರು ಜೋರಾಗಿ ನಕ್ಕರು. "ಹಂಗಾರೆ ಬಲೆ ಮರಕ್ಕೆ ಕಟ್ಲಾ?"

ನನಗೆ ನಗು ಬರಲಿಲ್ಲ. ಕರಡು ತೆರೆದು ನೋಡಿದೆ. ಜಾಗದ ಅಕ್ಷಾಂಶ, ರೇಖಾಂಶಗಳನ್ನು 'ಡಿಗ್ರಿ ಮತ್ತು ಅದರ ಭಾಗಗಳಲ್ಲಿ' ಕಳಿಸಬೇಕು ಎಂದಿತ್ತು. ಒಬ್ಬರು ಡಿಗ್ರಿಯನ್ನು ನೂರು ಭಾಗ ಮಾಡಿದ್ದರು, ಇನ್ನೊಬ್ಬರು ಗಡಿಯಾರದ ನಿಮಿಷಗಳಂತೆ ಅರವತ್ತು. ಪೆಟ್ಟಿಗೆ ಕಳಿಸಿದ ಅಂಕಿಯನ್ನೇ ದಡದ ಯಂತ್ರ ಬೇರೆ ಜಾಗವೆಂದು ಓದಿತ್ತು. ಆ ವಾಕ್ಯವನ್ನು ನಾನು ಎಷ್ಟೋ ಸಲ ಓದಿದ್ದೆ. ಚುಕ್ಕಿ ಕಾಡಿನಲ್ಲಿ ಬಿದ್ದದ್ದರಿಂದ ತಪ್ಪು ಕಣ್ಣಿಗೆ ಬಿತ್ತು. ಇನ್ನೊಂದು ಜಾಗದಿಂದ ಒತ್ತಿದ್ದರೆ ಅದು ಸಮುದ್ರದಲ್ಲೇ ಎಲ್ಲೋ ದೂರ ಬೀಳುತ್ತಿತ್ತು, ನೀರಿನ ಮೇಲೇ ಇದೆಯಲ್ಲ ಎಂದು ನಾನು ಪಾಸೆಂದು ಬರೆದು ಮನೆಗೆ ಹೋಗುತ್ತಿದ್ದೆ. ಈ ಯೋಚನೆ ವಾರಗಟ್ಟಲೆ ಬಿಡಲಿಲ್ಲ. ಊಟದ ನಡುವೆ ಎದ್ದು ಹೋಗಿ ಪಟ್ಟಿ ತೆರೆಯುತ್ತಿದ್ದೆ.

ಕರಡು ಬರೆದ ಸಮಿತಿಯ ಸಭೆಯಲ್ಲಿ ಇಬ್ಬರು ತಯಾರಕರೂ ಒಂದೇ ಮಾತು ಹೇಳಿದರು: "ನಮ್ಮದು ಕರಡಿನ ಪ್ರಕಾರವೇ ಇದೆ."

"ಹೌದು, ಇಬ್ಬರದೂ ಇದೆ" ಎಂದೆ. "ತಪ್ಪು ವಾಕ್ಯದ್ದು. ಅದನ್ನು ಹಿಡಿಯದ ಪಟ್ಟಿ ನನ್ನದು."

ಯಾರೂ ಬೈಯಲಿಲ್ಲ. ವಾಕ್ಯ ಬದಲಾಯಿತು, ಕೆಳಗೆ ಒಂದು ಉದಾಹರಣೆಯೂ ಸೇರಿತು. ಒಬ್ಬರ ಪೆಟ್ಟಿಗೆಯನ್ನು ಇನ್ನೊಬ್ಬರ ಯಂತ್ರದೊಂದಿಗೆ ಪರೀಕ್ಷಿಸುವುದು ಕಡ್ಡಾಯವಾಯಿತು. ತಯಾರಕರು ಪೆಟ್ಟಿಗೆಗಳನ್ನು ತಿದ್ದಿಕೊಂಡು ಬರಲು ತಿಂಗಳುಗಳೇ ಹಿಡಿದವು.

ಮರುಪರೀಕ್ಷೆ ಕುಮಟೆಯಲ್ಲಿ. ಅದೇ ತಾಂಡೇಲರು, ಅದೇ ಬೋಟು. ಚುಕ್ಕಿ ಅವರು ಹೇಳಿದ ಜಾಗದಲ್ಲೇ ಮೂಡಿತು. ಇನ್ನೊಮ್ಮೆ ಒತ್ತಿ ಎಂದೆ. ದಡದ ಯಂತ್ರ ಬದಲಿಸಿ ಮತ್ತೆ ಒತ್ತಿಸಿದೆ. ಸ್ವಲ್ಪ ತೆಂಕಕ್ಕೆ ಹೋಗಿ ಒತ್ತಿ ಎಂದೆ, ಬಡಗಕ್ಕೆ ಬಂದು ಒತ್ತಿ ಎಂದೆ. ಪ್ರತಿಸಲವೂ ಸರಿಯಿತ್ತು, ಆದರೂ ನನಗೆ ನಿಲ್ಲಿಸಲಾಗಲಿಲ್ಲ.

ಕೊನೆಗೆ ಅವರೇ ಹೇಳಿದರು: "ಸಾಕು ತಂಗೀ. ಇನ್ನು ಮೀನು ಹಿಡೂಕೆ ಬಿಡು."